ಸ್ವಲ್ಪ ಮುಂಚೆ ಬಂದ ಸುದ್ದಿ

ನನ್ನ ಬಾಯಿ ಸರಿ ಇಲ್ಲ ಅಂತ ಟಿ. ದಾಸರಹಳ್ಳಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹೇಳಲಿ. ಮನೆ ತೋರಿಸುವ ಬ್ರೋಕರ್ ಹೆಂಗಸಿಗೆ ಬಾಯಿ ಸರಿ ಇದ್ದರೆ ಯಾವ ಗಂಡಸು ಕಮಿಷನ್ ಕೊಡುತ್ತಾನೆ? ಕಾಫಿ ಕುಡಿಸಿ, ‘ಆಮೇಲೆ ಬಾಮ್ಮ ವನಜಾ’ ಅಂತ ಸಾಗಹಾಕುತ್ತಾನೆ. ಹಾಗಾಗಿ ಬೈಯುವುದು ನನಗೆ ಉಸಿರಾಡಿದಷ್ಟೇ ಸಲೀಸು. ಆದರೂ ಸಂಗಣ್ಣನ ಗೇಟಿನ ಮುಂದೆ ನಿಂತು ಬೈದ ಹಾಗೆ ನಾನು ನನ್ನ ಗಂಡನನ್ನೂ ಬೈದಿಲ್ಲ.

ಸಂಗಣ್ಣ ಕೊಪ್ಪಳದ ಕಡೆಯವರು. ಮದುವೆಯಾದ ಹೊಸದರಲ್ಲಿ ಹೆಂಡತಿ ಮಹಾನಂದಾಳನ್ನು ಕರೆದುಕೊಂಡು ಪೀಣ್ಯಕ್ಕೆ ಬಂದು, ಲೇತ್ ಮಷಿನ್ನಿನ ಮುಂದೆ ನಿಂತು ನಿಂತು ಅರ್ಧ ಆಯುಷ್ಯ ಕಳೆದು, ಚೊಕ್ಕಸಂದ್ರದ ಕಡೆ ಒಂದು ಪುಟ್ಟ ಸೈಟು ಕೊಂಡು, ಬ್ಯಾಂಕಿನ ಸಾಲದಲ್ಲಿ ಕೆಳಗೊಂದು ಮೇಲೊಂದು ಮನೆ ಕಟ್ಟಿಕೊಂಡವರು. ಫ್ಯಾಕ್ಟರಿ ತುಮಕೂರಿನ ಆಚೆಗೆ ಎತ್ತಂಗಡಿಯಾದಾಗ ಮಾಲೀಕರು ಹುಡುಗರನ್ನು ಕರೆದುಕೊಂಡು ಹೋದರು, ಇವರನ್ನು ಬಿಟ್ಟು ಹೋದರು. ಅಲ್ಲಿಂದ ಸಾಲದ ಕಂತು ನಿಂತಿತ್ತು. ಇದೆಲ್ಲ ನನಗೆ ಗೊತ್ತಾಗಿದ್ದು ಆಮೇಲೆ. ನನ್ನ ಆಫೀಸಿಗೆ ಬಂದಾಗ ಅವರು ಹೇಳಿದ್ದು ಇಷ್ಟೇ.

‘ಮ್ಯಾಲಿನ ಮನಿ ಖಾಲಿ ಐತ್ರಿ ಅಕ್ಕಾರ. ಚಲೋ ಬಾಡಿಗಿ ಮಂದಿ ಇದ್ರ ನೋಡ್ರಿ.’

ನೋಡೋಣವೆಂದು ಹೋದೆ. ಗೇಟಿನ ಪಕ್ಕದ ಗೋಡೆಯ ಮೇಲೆ ಹಳೇ ಸೀರೆಗಳನ್ನು ಸೇರಿಸಿ ಹೊಲಿದ ಒಂದು ಕೌದಿ ಹರವಿತ್ತು. ಬಿಸಿಲೇ ಬೀಳದ ಗೋಡೆ, ಒದ್ದೆಯೇ ಇಲ್ಲದ ಕೌದಿ. ಯಾವ ಹೆಂಗಸೂ ಹಾಗೆ ಒಣಹಾಕುವುದಿಲ್ಲ. ಎತ್ತಿ ನೋಡಿದರೆ ಅದರ ಹಿಂದೆ ಬ್ಯಾಂಕಿನ ನೋಟಿಸು ಅಂಟಿಸಿತ್ತು.

‘ಏನ್ರೀ ಸಂಗಣ್ಣ ಇದು?’

‘ಅದು ಬ್ಯಾಂಕಿನವ್ರು ಹಚ್ಚಿ ಹೋಗ್ಯಾರ್ರಿ. ಚಿಂತಿಲ್ರಿ ಅಕ್ಕಾರ, ಅದು ಸಾಂಕೇತಿಕ ಐತಿ.’

ನೋಟಿಸಿನಲ್ಲಿ ಹಾಗೇ ಬರೆದಿತ್ತು, ‘ಸಾಂಕೇತಿಕ ಸ್ವಾಧೀನ’ ಅಂತ. ಈ ಮನುಷ್ಯ ಆ ಮೊದಲ ಪದವನ್ನು ಓದಿ ಸಮಾಧಾನ ಮಾಡಿಕೊಂಡಿದ್ದರು, ಎರಡನೆಯದನ್ನು ನೋಡಿಯೇ ಇರಲಿಲ್ಲ.

‘ಸಾಂಕೇತಿಕ ಅಂದ್ರೆ ಏನ್ ಅಂದ್ಕೊಂಡಿದೀರಾ?’

‘ಬರೇ ತೋರ್ಸಾಕಲ್ರೀ? ನಮ್ಮ ಯೂನಿಯನ್ನಾಗ ಸಾಂಕೇತಿಕ ಮುಷ್ಕರ ಮಾಡ್ತಿದ್ವಿ. ಒಂದ್ ತಾಸು ಗೇಟಿನ ಮುಂದ ಧಿಕ್ಕಾರ ಕೂಗೂದು, ಚಾ ಕುಡಿಯೂದು, ಮತ್ತ ಒಳಗ ಹೋಗಿ ಮಷೀನ್ ಚಾಲೂ ಮಾಡೂದು. ಇದೂ ಅಂಥಾದ್ದ.’

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಆಗದೆ ಬೈಗುಳ ಬಂತು.

‘ರೀ, ನಿಮ್ಮ ತಲೇಲಿ ಮೆದುಳಿದ್ಯೋ ಲೇತ್ ಮಷಿನ್ ತಿರುಗ್ತಿದ್ಯೋ? ಅದು ನಿಮ್ಮ ಯೂನಿಯನ್ ಅಲ್ಲ ಕಣ್ರೀ, ಬ್ಯಾಂಕು! ಪೇಪರಲ್ಲಿ ಈ ಮನೆ ಆಗ್ಲೇ ಅವರ ಕೈಗೆ ಹೋಗಿದೆ. ಇನ್ನು ಕೋರ್ಟ್ ಆರ್ಡರ್ ಹಿಡ್ಕೊಂಡು ಪೊಲೀಸರ ಜೊತೆ ಬರ್ತಾರೆ, ನಿಮ್ಮ ಪಾತ್ರೆ ಪಗಡೆ ಬೀದಿಗಿಟ್ಟು ಬೀಗ ಜಡೀತಾರೆ. ಇದಕ್ಕೆ ನಾನು ಬಾಡಿಗೆಯವರನ್ನ ತರಬೇಕಾ? ಬೆಂಕಿ ಬಿದ್ದಾಗ ಬಾವಿ ತೋಡೋರನ್ನ ನೋಡಿದೀನಿ. ಬೆಂಕಿ ಮೇಲೆ ಕೌದಿ ಹೊದಿಸೋರನ್ನ ಇವತ್ತೇ ನೋಡಿದ್ದು!’

ಬಾಗಿಲಲ್ಲಿ ಮಹಾನಂದಾ ನಿಂತಿದ್ದಳು. ಗಾರ್ಮೆಂಟ್ಸಿಗೆ ಹೊರಡುವ ಅವಸರದಲ್ಲಿ ಜಡೆ ಅರ್ಧ ಹೆಣೆದಿತ್ತು. ‘ಅಂದ್ರ ಮನಿ ಹೋತೇನ್ರಿ ಅಕ್ಕಾ?’ ಅಂದಳು. ಆ ಕೌದಿಯನ್ನು ದಿನಾ ಬೆಳಿಗ್ಗೆ ಹರವುತ್ತಿದ್ದವಳು ಅವಳು. ಅಕ್ಕಪಕ್ಕದವರು ನೋಡಬಾರದು ಅಂತ ಗಂಡ ಹೇಳಿದ್ದಕ್ಕೆ, ಏನು ಎತ್ತ ಕೇಳದೆ ಹರವಿದ್ದಳು.

ಮೆಟ್ಟಿಲ ಮೇಲೆ ಕೂತು ಇಬ್ಬರಿಗೂ ಬಿಡಿಸಿ ಹೇಳಿದೆ. ಮನೆ ಉಳಿಸುವ ಕಾಲ ದಾಟಿ ಹೋಗಿದೆ. ಆದರೆ ಹರಾಜಾಗುವ ಮುಂಚೆ ನೀವೇ ಮಾರಿದರೆ ಸಾಲ ತೀರಿ ಕೈಯಲ್ಲೊಂದಿಷ್ಟು ಉಳಿಯುತ್ತದೆ, ಎಲ್ಲಾದರೂ ತಲೆಯೆತ್ತಿಕೊಂಡು ಬದುಕಬಹುದು. ಹರಾಜಾದರೆ ಕಂಡವರು ಕೇಳಿದ ರೇಟಿಗೆ ಹೋಗುತ್ತದೆ, ನಿಮಗೆ ಸಿಗುವುದು ಚೊಂಬು. ಯಾರು ಬಂದು ‘ಸಾಲ ನಾನು ತೀರಿಸ್ತೀನಿ, ಇಲ್ಲೊಂದು ಸಹಿ ಹಾಕಿ’ ಅಂದರೂ ಹಾಕಬೇಡಿ, ನನ್ನನ್ನು ಕರೆಯಿರಿ. ಇಷ್ಟು ಹೇಳಿ, ಆ ಕೌದಿಯನ್ನು ಮಡಚಿ ಮಹಾನಂದಾಳ ಕೈಗೆ ಕೊಟ್ಟೆ. ಕಮಿಷನ್ನಿನ ಮಾತೆತ್ತಲಿಲ್ಲ. ಅವಳ ಮುಖ ನೋಡಿಕೊಂಡು ಹೇಗೆ ಎತ್ತುವುದು?

ಮಾರನೆಯ ದಿನ ಸಂಗಣ್ಣನನ್ನು ಬ್ಯಾಂಕಿಗೆ ಕರೆದುಕೊಂಡು ಹೋದೆ. ಮ್ಯಾನೇಜರು ಕೆಟ್ಟವನೇನಲ್ಲ. ‘ಹರಾಜಿನ ಜಾಹೀರಾತು ಪೇಪರಿಗೆ ಇನ್ನೂ ಹೋಗಿಲ್ಲ ಮೇಡಂ. ಹೋದ್ಮೇಲೆ ನನ್ನ ಕೈಲಿ ಏನೂ ಇಲ್ಲ. ಅದಕ್ಕೆ ಮುಂಚೆ ಒಬ್ಬ ಬೈಯರ್ ಕರ್ಕೊಂಡು ಬನ್ನಿ, ದುಡ್ಡು ನೇರ ನಮಗೆ ಕಟ್ಟಿಸಿ, ಪತ್ರ ಬಿಟ್ಕೊಡ್ತೀನಿ’ ಅಂದ. ಸಂಗಣ್ಣ ಕುರ್ಚಿಯ ತುದಿಯಲ್ಲಿ ಕೂತು ಎಲ್ಲದಕ್ಕೂ ‘ಹೂಂ ರಿ’ ಅನ್ನುತ್ತಿದ್ದರು. ಹೊರಗೆ ಬಂದ ಮೇಲೆ ‘ನನಗೇನೂ ಕೇಳಿಸ್ಲಿಲ್ರಿ ಅಕ್ಕಾರ, ಕಿವ್ಯಾಗ ಮಷೀನ್ ಸಪ್ಪಳಾನ ಬರ್ತಿತ್ತು’ ಅಂದರು.

ಗಿರಾಕಿಗಳಿಗೆ ಬರವಿರಲಿಲ್ಲ. ಮೆಟ್ರೋ ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರದ ಮನೆ, ಗಟ್ಟಿ ಕಟ್ಟಡ, ನೀರಿಗೆ ತೊಂದರೆಯಿಲ್ಲ. ಮೊದಲು ಬಂದ ಮೇಷ್ಟ್ರು ದಂಪತಿ ಅಡುಗೆಮನೆಯ ಕಲ್ಲು ಸವರಿ ನೋಡಿ ಖುಷಿಪಟ್ಟು ಹೋದರು. ಸಂಜೆ ಫೋನು ಮಾಡಿದರೆ ಎತ್ತಲಿಲ್ಲ. ಎರಡನೆಯವನು ಟೋಕನ್ ಕೊಡುತ್ತೇನೆ ಅಂದವನು ಮನೆ ಮುಟ್ಟುವುದರೊಳಗೆ ಬೇಡ ಅಂದ. ಯಾಕಪ್ಪಾ ಅಂದರೆ, ‘ಬಿಡಿ ಮೇಡಂ, ನಮ್ಮ ತಾಯಿ ಒಪ್ತಿಲ್ಲ.’ ಮೂರನೆಯವಳು ನನ್ನನ್ನೇ ಬೈದಳು. ‘ಗೊತ್ತಿದ್ದೂ ತೋರಿಸ್ತೀರಲ್ರೀ, ನಿಮಗೂ ಮಕ್ಕಳಿಲ್ವಾ?’ ಏನು ಗೊತ್ತಿದ್ದು ಅಂತ ಕೇಳುವಷ್ಟರಲ್ಲಿ ಫೋನಿಟ್ಟಳು.

ಆ ದಿನಗಳಲ್ಲೇ ಎದುರು ಹುಣಸೆಮರದ ಕೆಳಗೆ ಒಂದು ಬಿಳಿ ಕಾರು ಬಂದು ನಿಲ್ಲತೊಡಗಿತ್ತು. ಯಾರೂ ಇಳಿಯುವುದಿಲ್ಲ, ಎಂಜಿನ್ ಆರಿಸುವುದಿಲ್ಲ. ನಾನು ಗಿರಾಕಿ ಕರೆತಂದರೆ ಅದು ಇರುತ್ತದೆ. ಗಿರಾಕಿ ಹೊರಟರೆ ಅವರ ಹಿಂದೆಯೇ ಹೊರಡುತ್ತದೆ. ಒಮ್ಮೆ ಕಿಟಕಿಯ ಗಾಜು ತಟ್ಟಿದೆ. ಗಾಜು ಇಳಿಯಲಿಲ್ಲ, ಕಾರು ಮೆಲ್ಲಗೆ ಮುಂದಕ್ಕೆ ಸರಿದು ಹೋಯಿತು. ಮಹಾನಂದಾ ಇನ್ನೊಂದು ವಿಷಯ ಹೇಳಿದಳು: ಬೀದಿಯ ಹೆಂಗಸರು ಈಚೆಗೆ ಅವಳ ಮನೆಯ ಮುಂದೆ ನಡೆಯುವುದಿಲ್ಲ, ಆಚೆ ಬದಿಗೆ ದಾಟಿಕೊಂಡು ಹೋಗುತ್ತಾರೆ. ಪಕ್ಕದ ಅಂಜನಮ್ಮ ಹಾಲು ತಂದುಕೊಡುವುದನ್ನೂ ಬಿಟ್ಟಿದ್ದಳು.

ಏನೆಂದು ಗೊತ್ತಾಗಿದ್ದು ಸಿದ್ದರಾಜು ಬಂದ ದಿನ. ನಿವೃತ್ತ ಬಸ್ ಕಂಡಕ್ಟರ್, ಮಾತಿನಲ್ಲಿ ಮುಚ್ಚುಮರೆಯಿಲ್ಲದ ಮನುಷ್ಯ. ಕೆಳಗಿನ ಮನೆಯೆಲ್ಲ ನೋಡಿ, ಮಹಾನಂದಾ ಕೊಟ್ಟ ಚಹಾ ಕುಡಿದು, ಸಂಗಣ್ಣನ ಜೊತೆ ಮಹಡಿ ಹತ್ತಿದರು, ಹಿಂದೆ ನಾನು. ಸಂಗಣ್ಣ ಹಳೇ ಲುಂಗಿಯಲ್ಲಿದ್ದರು. ಸಿದ್ದರಾಜು ಇವರನ್ನು ಮನೆ ತೋರಿಸಲು ಇಟ್ಟ ಆಳು ಅಂದುಕೊಂಡರೋ ಏನೋ. ಮೇಲಿನ ಕೋಣೆಯ ಮಧ್ಯೆ ನಿಂತು ಸೂರು ನೋಡುತ್ತಾ ಕೇಳಿಯೇಬಿಟ್ಟರು.

‘ಅಣ್ಣಾ, ಮುಚ್ಚಿಡ್ಬೇಡ. ಈ ಮನೆ ಯಜಮಾನ ನೇಣು ಹಾಕ್ಕೊಂಡಿದ್ದು ಈ ರೂಮಲ್ಲಾ, ಕೆಳಗಾ?’

ಗಿರಾಕಿಗಳು ಯಾಕೆ ಓಡಿಹೋದರು, ಹೆಂಗಸರು ಯಾಕೆ ಬೀದಿ ದಾಟಿದರು ಎಲ್ಲ ಒಟ್ಟಿಗೆ ತಿಳಿಯಿತು. ಯಾರೋ ಊರು ತುಂಬ ಹಬ್ಬಿಸಿದ್ದಾರೆ. ಎತ್ತು ಈಯ್ತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಯಜಮಾನ ದಿನಾ ಅಂಗಡಿಗೆ ಬರುತ್ತಾನೆ, ಹೋಗುತ್ತಾನೆ ಅನ್ನುವುದನ್ನೂ ಯಾರೂ ಯೋಚಿಸಿಲ್ಲ. ಬೈಯಲೆಂದು ಬಾಯಿ ತೆರೆದೆ. ಅಷ್ಟರಲ್ಲಿ ಸಂಗಣ್ಣ ಉತ್ತರ ಕೊಟ್ಟರು. ಸಿಟ್ಟಿಲ್ಲ, ಆಶ್ಚರ್ಯವಿಲ್ಲ. ಬಸ್ಸು ಬಂತೇ ಅಂತ ಕೇಳಿದವರಿಗೆ ಹೇಳಿದ ಹಾಗೆ ಹೇಳಿದರು.

‘ಇನ್ನೂ ಇಲ್ರಿ.’

ಸಿದ್ದರಾಜು ನನ್ನ ಮುಖ ನೋಡಿದರು, ನಾನು ಸಂಗಣ್ಣನ ಮುಖ ನೋಡಿದೆ. ಸಂಗಣ್ಣ ಕಿಟಕಿಯ ಚಿಲಕ ಹಾಕುತ್ತಿದ್ದರು. ಇವರೇ ಯಜಮಾನ ಅಂತ ಕಂಡಕ್ಟರಿಗೆ ಅರ್ಥವಾಗಿ ಕೈಮುಗಿದು, ಮೆಟ್ಟಿಲಿಳಿದು ಹೋದರು. ಅಯ್ಯೋ ದೇವರೇ, ಇಷ್ಟು ದಿನ ನಾನು ಮನೆಯ ಬೆಲೆ ಉಳಿಸಲು ಹೆಣಗುತ್ತಿದ್ದೆ. ಉಳಿಸಬೇಕಾಗಿದ್ದದ್ದು ಬೇರೆಯೇ ಇತ್ತು.

ಮಹಾನಂದಾಳನ್ನು ಹಿತ್ತಿಲಿಗೆ ಕರೆದೆ. ‘ಅವರನ್ನ ಒಬ್ಬರನ್ನೇ ಬಿಡಬೇಡ ಕಣಮ್ಮ’ ಅಂದೆ. ಯಾಕೆ ಅಂತ ಅವಳು ಕೇಳಲಿಲ್ಲ. ‘ರಾತ್ರಿ ಸೆರಗು ಅವ್ರ ಕೈಗೆ ಕಟ್ಕೊಂಡ ಮಲಗ್ತೀನ್ರಿ ಅಕ್ಕಾ’ ಅಂದಳು. ಅವಳಿಗೆ ನನಗಿಂತ ಮುಂಚೆಯೇ ಗೊತ್ತಿತ್ತು. ಡಾಕ್ಟರ ಹತ್ತಿರ ಕರೆದುಕೊಂಡು ಹೋಗು ಅಂದೆ. ಒಮ್ಮೆ ಹೋಗಿ ಬಂದರು, ಮಾತ್ರೆ ಕೊಟ್ಟಿದ್ದರು.

ನಾನು ನೇರವಾಗಿ ಹೋಗಿದ್ದು ಚಿರಂಜೀವಿಯ ಆಫೀಸಿಗೆ. ಹರಾಜಿನ ಮನೆಗಳನ್ನೇ ಮೂಸಿಕೊಂಡು ತಿರುಗಿ, ಮಣ್ಣಿನ ಬೆಲೆಗಿಂತ ಕಡಿಮೆಗೆ ಕೊಳ್ಳುವ ಆಸಾಮಿ. ಬಿಳಿ ಕಾರು ಅವನ ಬಾಗಿಲಲ್ಲೇ ನಿಂತಿತ್ತು. ನನ್ನನ್ನು ನೋಡಿ ಎದ್ದು ನಿಂತು, ಕುರ್ಚಿ ಎಳೆದುಕೊಟ್ಟು, ಬಾದಾಮಿ ಹಾಲು ತರಿಸಿದ. ನಾನು ಲೋಟ ಮುಟ್ಟಲಿಲ್ಲ.

‘ಏನೋ ಚಿರಂಜೀವಿ, ಬದುಕಿರೋ ಮನುಷ್ಯನ್ನ ನೇಣಿಗೆ ಹಾಕಿದ್ಯಲ್ಲೋ! ನಿನ್ನ ಬಾಯಿಗೆ ಹುಳ ಬೀಳ. ಊರೆಲ್ಲ ಸುಳ್ಳು ಹಬ್ಬಿಸಿ ಆ ಮನೆ ಹೊಡ್ಕೋಬೇಕಾ ನೀನು?’

ಅವನಿಗೆ ಕೋಪ ಬರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಗಿದ್ದು.

‘ಕೂತ್ಕೊಳ್ಳಿ ವನಜಕ್ಕ. ಈ ಲೈನಲ್ಲಿ ಎಷ್ಟು ಮನೆ ನೋಡಿದೀನಿ ನಾನು. ಯಜಮಾನನ ಮುಖ ನೋಡಿದ್ರೆ ಗೊತ್ತಾಗುತ್ತೆ, ಯಾರು ಬೈತಾರೆ, ಯಾರು ಕಾಲಿಗೆ ಬೀಳ್ತಾರೆ, ಯಾರು ಸುಮ್ಮನಾಗ್ತಾರೆ ಅಂತ. ನಾನು ಸುಳ್ಳು ಹೇಳಿಲ್ಲಕ್ಕ. ಸ್ವಲ್ಪ ಮುಂಚೆ ಹೇಳಿದೀನಿ, ಅಷ್ಟೇ.’

ಕಾಲಲ್ಲಿರುವುದನ್ನು ಕೈಗೆ ತೆಗೆದುಕೊಳ್ಳಬೇಕಾಗಿತ್ತು. ತೆಗೆದುಕೊಳ್ಳಲಿಲ್ಲ. ಎದ್ದು ಬಂದುಬಿಟ್ಟೆ. ಪೊಲೀಸರಿಗೆ ಹೇಳೋಣವೆಂದರೆ ಏನು ಹೇಳುವುದು? ಗಾಳಿಮಾತಿಗೆ ಸಾಕ್ಷಿ ಯಾರು? ಗಡಿಗೆಯ ಬಾಯಿ ಕಟ್ಟಬಹುದು, ಊರ ಬಾಯಿ ಕಟ್ಟಲಾಗುವುದಿಲ್ಲ. ಇನ್ನು ಒಳ್ಳೆಯ ರೇಟಿಗೆ ಕಾಯುವುದು ಬೇಡ, ಆ ಮನುಷ್ಯನನ್ನು ಆ ಮನೆಯಿಂದ ಹೊರಗೆ ತರಬೇಕು ಅಂತ ಗಟ್ಟಿ ಮಾಡಿಕೊಂಡೆ.

ನೆನಪಾದದ್ದು ಶ್ಯಾಮಣ್ಣ ಮಾವ. ದಾಸರಹಳ್ಳಿ ಬರೀ ಹಳ್ಳಿಯಾಗಿದ್ದಾಗ ಇಲ್ಲೇ ರಾಗಿ ಬೆಳೆದವರ ಮಗ. ಈಗ ಆ ಹೊಲಗಳ ಮೇಲೆ ಗೋಡೌನು ಕಟ್ಟಿ ಬಾಡಿಗೆ ಎಣಿಸುತ್ತಾ ಕೂತಿರುತ್ತಾರೆ. ಸುದ್ದಿ ಅವರಿಗೂ ಮುಟ್ಟಿತ್ತು.

‘ನೇಣಿನ್ ಮನೆ ಅಂತಾರಲ್ಲ ವನಜಿ, ಅದಾ?’

‘ಯಾರೂ ಸತ್ತಿಲ್ಲ ಮಾವ. ನಂಬದಿದ್ರೆ ಮನೆ ಬೇಡವೇ ಬೇಡ, ಸೈಟ್ ತಗೊಳ್ಳಿ. ಕೆಡವಿ ಗೋಡೌನ್ ಕಟ್ಟಿ. ದೆವ್ವ ಇದ್ರೂ ಗೋಡೆ ಜೊತೆ ಹೋಗುತ್ತೆ, ಮಣ್ಣಲ್ಲೇನಿದೆ?’

ಮಾವ ಎಲೆಗೆ ಸುಣ್ಣ ಸವರಿ, ಮಡಚಿ ಬಾಯಿಗಿಟ್ಟುಕೊಂಡರು. ‘ಅಂಗಂತೀಯಾ? ಓಗ್ಲಿ ಬುಡು. ಮಣ್ಗೆ ಯಾವ್ ಮೈಲ್ಗೆ. ಆದ್ರೆ ಮಣ್ಣಿನ್ ರೇಟೇ ಕೊಡೋದು, ಗೋಡೆಗೆ ಕಾಸಿಲ್ಲ.’

ಬ್ಯಾಂಕಿನ ಸಾಲ ತೀರಿ, ಒಂದು ಬಾಡಿಗೆ ಮನೆಯ ಅಡ್ವಾನ್ಸಿಗೆ ಆಗುವಷ್ಟು ಉಳಿಯುತ್ತಿತ್ತು. ಮ್ಯಾನೇಜರು ಒಪ್ಪಿದ. ಬಾಡಿಗೆ ಮನೆ ಹುಡುಕಿದರೆ ನನ್ನ ಗುರುತಿನವರೇ ‘ಆ ನೇಣಿನ ಮನೆಯವರಿಗಾ? ಬೇಡ ಕಣೇ’ ಅಂದರು. ಥೂ ಇವರ ಜನ್ಮಕ್ಕಿಷ್ಟು. ನನ್ನ ಮನೆಯ ಹಿಂದಿನ ಕೋಣೆಯನ್ನೇ ಗುಡಿಸಿ ಇಟ್ಟೆ.

ಮನೆ ಕೆಡವುತ್ತಾರೆ ಅಂದಾಗ ಮಹಾನಂದಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸಂಗಣ್ಣ ನಕ್ಕರು. ‘ಕೆಡವ್ಲಿ ಬಿಡ್ರಿ, ಕಟ್ಟಿದ್ದು ಎಂದಾರ ಒಂದಿನ ಬೀಳೂದ ಐತಿ.’ ಅಂದಿನಿಂದ ಅವರು ಹಗುರಾಗಿಬಿಟ್ಟರು. ಹೊಟ್ಟೆತುಂಬ ಉಂಡರು, ಬೀದಿಯ ಮಂದಿಯನ್ನು ಕರೆದು ಕರೆದು ಮಾತಾಡಿಸಿದರು, ತಾವು ಯಾರಿಗೂ ಮುಟ್ಟಗೊಡದಿದ್ದ ಅಳತೆಯ ಸಾಮಾನುಗಳನ್ನೆಲ್ಲ ಒರೆಸಿ, ಜೊತೆಯಲ್ಲಿ ಕೆಲಸ ಮಾಡಿದ್ದ ಈರಣ್ಣನಿಗೆ ಕೊಟ್ಟು ಬಂದರು. ‘ನನಗಿನ್ನ ಎದಕ್ಕ ಬೇಕ್ರಿ’ ಅಂದರು. ಮಹಾನಂದಾ ಅದನ್ನು ಸಮಾಧಾನ ಅಂದುಕೊಂಡಳು. ನನಗೂ ಹಾಗೆ ಅಂದುಕೊಳ್ಳುವ ಆಸೆಯಿತ್ತು, ಅಂದುಕೊಂಡೆ.

ರಿಜಿಸ್ಟ್ರೇಷನ್ ದಿನ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಶ್ಯಾಮಣ್ಣ ಮಾವ ಬಿಳಿ ಪಂಚೆಯುಟ್ಟು ಬಂದು ಕೂತಿದ್ದರು. ಬ್ಯಾಂಕಿನವನು ಪತ್ರ ಹಿಡಿದು ಗಡಿಯಾರ ನೋಡುತ್ತಿದ್ದ. ಮಹಾನಂದಾ ಒಬ್ಬಳೇ ಬಂದಳು.

‘ಅವರೆಲ್ಲೇ?’

‘ಒಂದೆರಡ್ ಗಂಟು ಕಟ್ಟೂದೈತಿ, ನೀ ನಡಿ, ಹಿಂದಿಂದ ಬರ್ತೀನಿ ಅಂದ್ರರಿ. ಇವತ್ತ ಎಲ್ಲಾ ಮುಗೀತಲ್ರೀ ಅಕ್ಕಾ, ಇನ್ನೇನು ಅಂತ…’

ನಾನು ಸಂಗಣ್ಣನಿಗೆ ಫೋನು ಮಾಡಿದೆ. ರಿಂಗಾಯಿತು, ರಿಂಗಾಗುತ್ತಲೇ ಇತ್ತು. ಮಾವನಿಗೆ ‘ಅಲ್ಲಾಡಬೇಡಿ ಇಲ್ಲಿಂದ’ ಅಂತ ಕೂಗಿ, ಅವಳನ್ನು ಸ್ಕೂಟರಿನ ಹಿಂದೆ ಹಾಕಿಕೊಂಡು ಹೊರಟೆ. ತುಮಕೂರು ರಸ್ತೆಯಲ್ಲಿ ಲಾರಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ನಾನು ಫುಟ್‌ಪಾತ್ ಮೇಲೆ ಹತ್ತಿಸಿದೆ. ಬೈದವರಿಗೆಲ್ಲ ತಿರುಗಿ ಬೈದೆ. ಹಿಂದೆ ಮಹಾನಂದಾ ನನ್ನ ಭುಜವನ್ನು ಉಗುರು ನೆಡುವ ಹಾಗೆ ಹಿಡಿದಿದ್ದಳು.

ಬೀದಿಯ ತಿರುವಿನಲ್ಲಿ ಚಿರಂಜೀವಿಯ ಕಾರು ನಿಂತಿತ್ತು. ಎಂಜಿನ್ ಓಡುತ್ತಿತ್ತು.

ಬಾಗಿಲು ಒಳಗಿನಿಂದ ಹಾಕಿತ್ತು. ಮಹಾನಂದಾ ಎರಡೂ ಕೈಯಿಂದ ಬಡಿದಳು. ನಾನು ಒದ್ದೆ. ‘ಸಂಗಣ್ಣಾ, ಬಾಗಿಲು ತೆಗೀರಿ! ನಿಮ್ಮ ಕಾಲಿಗೆ ಬೀಳ್ತೀನಿ, ತೆಗೀರಿ!’ ಜೀವಮಾನದಲ್ಲಿ ಯಾರ ಕಾಲಿಗೂ ಬೀಳುತ್ತೇನೆ ಅಂದವಳಲ್ಲ ನಾನು. ಮೇಲೆ ಏನೋ ಎಳೆದ ಸದ್ದಾಯಿತು. ಆಮೇಲೆ ಏನೂ ಇಲ್ಲ. ಆಮೇಲೆ ಮೆಟ್ಟಿಲ ಮೇಲೆ ಹೆಜ್ಜೆ, ಒಂದೊಂದಾಗಿ. ಚಿಲಕ ಸರಿಯಿತು.

ಸಂಗಣ್ಣ ನಿಂತಿದ್ದರು. ಕೂದಲು, ಹುಬ್ಬು ಎಲ್ಲ ಧೂಳು. ಮಹಾನಂದಾ ಅವರನ್ನು ಮುಟ್ಟಲಿಲ್ಲ, ಪಕ್ಕಕ್ಕೆ ಸರಿಸಿ ಮಹಡಿ ಹತ್ತಿದಳು. ಹಿಂದೆ ನಾನು, ನನ್ನ ಹಿಂದೆ ಅವರು.

ಮೇಲಿನ ಕೋಣೆಯಲ್ಲಿ ಫ್ಯಾನು ಬಿಚ್ಚಿ ನೆಲಕ್ಕಿಟ್ಟಿತ್ತು. ಸೂರಿನಲ್ಲಿ ಬರೀ ಕೊಕ್ಕೆ ಉಳಿದಿತ್ತು. ಅದರ ಕೆಳಗೆ ಸ್ಟೂಲು. ಸ್ಟೂಲಿನ ಮೇಲೆ ಅಂಗಡಿಯಿಂದ ತಂದು ಇನ್ನೂ ಸುರುಳಿ ಬಿಚ್ಚದ ಹಳದಿ ನೈಲಾನ್ ಹಗ್ಗ.

‘ಫ್ಯಾನ್ ಬಿಚ್ಚಾಕತ್ತಿದ್ದೆ’ ಅಂದರು ಸಂಗಣ್ಣ. ‘ಹೆಂಗೂ ಕೆಡವ್ತಾರಲ್ರೀ. ಒಯ್ಯೂಣು ಅಂತ.’

ನಿಜವಿರಬಹುದು. ಮನೆಯ ಬೇರೆ ಯಾವ ಫ್ಯಾನನ್ನೂ ಅವರು ಬಿಚ್ಚಿರಲಿಲ್ಲ, ಅದೂ ನಿಜ. ನಾನು ಬೈಯಬೇಕೆಂದುಕೊಂಡೆ, ತಬ್ಬಿಕೊಳ್ಳಬೇಕೆಂದುಕೊಂಡೆ, ಎರಡೂ ಆಗಲಿಲ್ಲ. ಅತ್ತುಬಿಟ್ಟೆ.

ಮಹಾನಂದಾ ಅಳಲಿಲ್ಲ. ಕೊಕ್ಕೆ ನೋಡಿದಳು, ಸ್ಟೂಲು ನೋಡಿದಳು, ಗಂಡನನ್ನು ನೋಡಿದಳು. ಹಗ್ಗ ಎತ್ತಿಕೊಂಡು ನೆಲದ ಮೇಲೆ ಕೂತು, ಫ್ಯಾನನ್ನು ಮಡಿಲಿಗೆ ಎಳೆದುಕೊಂಡು ಸುತ್ತತೊಡಗಿದಳು. ರೆಕ್ಕೆ ಬಿಚ್ಚಿದ ಫ್ಯಾನಿಗೆ ಒಂದು ಮಾರು ಹಗ್ಗ ಸಾಕು. ಅವಳು ಸುತ್ತಿದಳು, ಗಂಟು ಹಾಕಿದಳು, ಮತ್ತೆ ಸುತ್ತಿದಳು, ಹಲ್ಲಿನಿಂದ ಕಚ್ಚಿ ಬಿಗಿದಳು, ಮತ್ತೆ ಸುತ್ತಿದಳು. ಸುರುಳಿಯೆಲ್ಲ ಮುಗಿದು, ಫ್ಯಾನು ಕಾಣದೆ ಬರೀ ಹಳದಿ ಹಗ್ಗದ ಉಂಡೆಯಾಗಿ, ತುದಿಯಲ್ಲಿ ಒಂದು ಗೇಣೂ ಉಳಿಯದವರೆಗೆ ಬಿಡಲಿಲ್ಲ. ಆಮೇಲೆ ಎದ್ದು ಅದನ್ನು ಗಂಡನ ಎದೆಗೆ ಒತ್ತಿ ಕೊಟ್ಟಳು.

‘ಹಿಡೀರಿ. ಇದನ್ನ ನೀವ ಹೊರಬೇಕು. ನಾ ಹೇಳೂತನಕ ಕೆಳಗಿಡೂ ಹಂಗಿಲ್ಲ.’

ಆಟೋದಲ್ಲಿ ಅವರು ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಸಬ್ ರಿಜಿಸ್ಟ್ರಾರ್ ಮುಂದೆ ನಿಂತಾಗ ಗುಮಾಸ್ತ ‘ಅದನ್ನ ಆ ಕಡೆ ಇಡಿ ಯಜಮಾನ್ರೇ, ಸಹಿ ಮಾಡೋಕೆ ಅಡ್ಡ ಆಗುತ್ತೆ’ ಅಂದ. ಸಂಗಣ್ಣ ಹೆಂಡತಿಯ ಮುಖ ನೋಡಿದರು. ಅವಳು ಬೇಡವೆಂದು ತಲೆಯಲ್ಲಾಡಿಸಿದಳು. ಅವರು ಅದನ್ನು ಎಡಗೈಯಲ್ಲಿ ತಬ್ಬಿ ಹಿಡಿದುಕೊಂಡೇ ಬಲಗೈಯಲ್ಲಿ ಸಹಿ ಹಾಕಿದರು.